ಬಾನೆಟ್ಟಿನ ಬಳೆಗಳು

ಈರಮ್ಮನ ಕಾರಿಗೆ ಹೇಳಿಕೊಳ್ಳುವಂಥ ಬಳೆ ಇರಲಿಲ್ಲ. ಅವಳ ಕೈಗೂ ಇರಲಿಲ್ಲ. ಗಂಡ ತೀರಿಕೊಂಡ ದಿನ ಓಣಿಯ ಹೆಂಗಸರು ಸೇರಿ ತೆಗೆಸಿದ್ದರು. ಕೈ ಬೋಳಾದದ್ದಕ್ಕೆ ಅವಳು ತಲೆ ಕೆಡಿಸಿಕೊಂಡಿರಲಿಲ್ಲ, ಸ್ಟೇರಿಂಗ್ ತಿರುಗಿಸುವಾಗ ಸದ್ದಾಗುವುದಿಲ್ಲ ಎನ್ನುತ್ತಿದ್ದಳು. ಕಾರಿನದು ಮಾತ್ರ ಹೊಟ್ಟೆಪಾಡಿನ ವಿಷಯ. ನಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಳೆ ಹೆಚ್ಚು ಬಿದ್ದ ಕಾರು ಮುಂದೆ ನಿಲ್ಲುತ್ತದೆ, ಕಡಿಮೆ ಬಿದ್ದದ್ದು ಹಿಂದೆ. ಒಮ್ಮೆ ಸಿಕ್ಕ ಜಾಗ ಇಡೀ ವರ್ಷಕ್ಕೆ. ಬೆಳಗಿನ ರೈಲು ಬಂದಾಗ ಮುಂದಿನ ಐದಾರು ಕಾರುಗಳಿಗೆ ಜನ ಸಿಗುತ್ತಾರೆ. ಹಿಂದಿನವರು ಹಾಲಿನ ಕ್ಯಾನು, ಕೋಳಿ ಬುಟ್ಟಿ, ಆಸ್ಪತ್ರೆಯಿಂದ ಹೊರಡುವ ಹೆಣ ಸಾಗಿಸಿ ಬದುಕಬೇಕು. ಈರಮ್ಮ ಗಂಡನ ಕಾಲದಿಂದಲೂ ಎಲ್ಲರಿಗಿಂತ ಹಿಂದೆ. ಗಂಡ ಬಿಟ್ಟುಹೋದ ಕಾರು ಬಿಳಿಯದು. ಬಿಳಿ ಬಣ್ಣದ ಮೇಲೆ ಬಳೆ ಇದ್ದರೂ ಕಣ್ಣು ಕಿರಿದು ಮಾಡಿ ಹುಡುಕಬೇಕು.

ನಮ್ಮ ಊರಿಗೆ ಬಿಸಿಲು ಬರುವುದು ವರ್ಷಕ್ಕೆ ಒಂದು ಸಲ. ಯಾವ ದಿನ ಎಂದು ಮೊದಲೇ ತಿಳಿಯುವುದಿಲ್ಲ. ಚಳಿ ಕಳೆದು ಹುಣಸೆಹಣ್ಣು ಮಾರಾಟಕ್ಕೆ ಬರುವ ಹೊತ್ತಿನಲ್ಲಿ ಎಂದಾದರೂ ಒಂದು ಮಧ್ಯಾಹ್ನ ಮೋಡ ಬಿರಿಯುತ್ತದೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಬಿಸಿಲು ಬಿದ್ದು ಮತ್ತೆ ಮುಚ್ಚಿಕೊಳ್ಳುತ್ತದೆ. ಉಳಿದ ದಿನಗಳೆಲ್ಲ ಬೂದು ಬೆಳಕು. ಬಟ್ಟೆಯನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಹಪ್ಪಳ ಹೊರಗಿನಿಂದ ತರಿಸುತ್ತೇವೆ. ಮರದ ಕೆಳಗೆ ಕೂರುವ ಅಭ್ಯಾಸ ನಮ್ಮವರಿಗಿಲ್ಲ. ಮರವೆಂದರೆ ತಲೆಯ ಮೇಲೆ ಹನಿ ಬೀಳುವ ಜಾಗ. ಬಿಸಿಲು ಬಿದ್ದ ಕೂಡಲೇ ನೀರಿನ ಟ್ಯಾಂಕಿನ ಮೇಲಿನ ಸೈರನ್ ಕೂಗುತ್ತದೆ. ಆಗ ಜನ ಮದುವೆಯ ಸೀರೆಗಳನ್ನು ಹೊರಗೆ ತಂದು ನಿಜವಾದ ಬಣ್ಣ ನೋಡಿಕೊಳ್ಳುತ್ತಾರೆ, ಅಕ್ಕಿ ಹರಡುತ್ತಾರೆ, ಬಾಣಂತಿಯರು ಮಕ್ಕಳನ್ನು ಎತ್ತಿ ಹಿಡಿಯುತ್ತಾರೆ. ಗಂಡಸರು ಕಾರುಗಳನ್ನು ಬೀದಿಗೆ ತಳ್ಳುತ್ತಾರೆ.

ಬಾನೆಟ್ಟಿನ ಮೇಲೆ ಸೂರ್ಯ ಒಂದು ಚುಕ್ಕೆಯಾಗಿ ನಿಲ್ಲುತ್ತಾನೆ. ಅವನ ಸುತ್ತ ಒಂದರ ಹೊರಗೊಂದು ಉಂಗುರಗಳು, ಕೂದಲಿಗಿಂತ ಸಣ್ಣ, ನೂರಾರು. ಇವೇ ಬಳೆಗಳು. ನೀವು ಎಡಕ್ಕೆ ಸರಿದರೆ ಅವೂ ಸರಿಯುತ್ತವೆ. ಹತ್ತು ಜನ ನಿಂತರೆ ಹತ್ತು ಜನರಿಗೂ ಅವರವರ ಎದುರಿಗೇ ಕಾಣುತ್ತವೆ. ಹೀಗೆ ಒಬ್ಬೊಬ್ಬರನ್ನೂ ಬಿಡದೆ ಹಿಂಬಾಲಿಸುವುದು ದೇವರಲ್ಲದೆ ಇನ್ನೇನು ಎಂದು ನಮ್ಮವರು ಕೇಳುತ್ತಾರೆ. ಬೀದಿ ದೀಪದ ಕೆಳಗೂ ಸಣ್ಣ ಬಳೆ ಕಾಣುವುದುಂಟು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದೀಪ ಅದನ್ನು ಸೂರ್ಯನಿಂದ ನೋಡಿ ಕಲಿತದ್ದು ಎನ್ನುತ್ತಿದ್ದರು.

ಬಳೆ ಎಂದರೇನು ಎಂದು ನನಗೆ ಗೊತ್ತಿತ್ತು. ನಾನು ಹೊರಗೆ, ದಿನವೂ ಬಿಸಿಲು ಕಾಯುವ ಒಂದು ನಗರದಲ್ಲಿ, ಕಾರುಗಳ ಬಣ್ಣ ತಿದ್ದುವ ಕೆಲಸ ಕಲಿತು ಬಂದವಳು. ಅಲ್ಲಿ ಜನ ಈ ಬಳೆಗಳನ್ನು ಕಂಡರೆ ಮುಖ ಸಿಂಡರಿಸುತ್ತಿದ್ದರು. ಧೂಳು ಬಟ್ಟೆಯಿಂದ ಒರೆಸಿದರೆ, ಒರಟು ಕೈಯಿಂದ ಪಾಲಿಶ್ ಹಾಕಿದರೆ ಬಣ್ಣದ ಮೇಲೆ ಸಾವಿರಾರು ಸಣ್ಣ ಗೀರುಗಳಾಗುತ್ತವೆ. ಬೂದು ಬೆಳಕಿನಲ್ಲಿ ಕಾಣುವುದಿಲ್ಲ. ನೇರ ಬೆಳಕು ಬಿದ್ದಾಗ ಮಾತ್ರ ಮಿಂಚುತ್ತವೆ, ಬೆಳಕಿನ ಸುತ್ತ ಸುತ್ತಿಕೊಂಡಂತೆ ತೋರುತ್ತವೆ. ಅವನ್ನು ತೆಗೆಯುವುದೇ ನನ್ನ ಕೆಲಸ. ಅದನ್ನು ನಾನು ಚೆನ್ನಾಗಿ ಮಾಡುತ್ತೇನೆ. ನಗರದ ಅಂಗಡಿಯಲ್ಲಿ ಕಪ್ಪು ಕಾರು ಬಂದರೆ ನನ್ನನ್ನೇ ಕರೆಯುತ್ತಿದ್ದರು, ಕಪ್ಪಿನಲ್ಲಿ ತಪ್ಪು ಮುಚ್ಚಿಡಲಾಗುವುದಿಲ್ಲ. ಸ್ವಂತ ಶೆಡ್ ಹಾಕಬೇಕೆಂದು ಊರಿಗೆ ವಾಪಸು ಬಂದೆ. ಬಾಡಿಗೆ ಇಲ್ಲಿ ಕಡಿಮೆ. ಜನ ಗೀರನ್ನು ಪೂಜಿಸುವ ಊರಿನಲ್ಲಿ ಗೀರು ತೆಗೆಯುವ ಅಂಗಡಿ ಯಾಕೆ ಹಾಕಿದೆ ಎಂದು ಕೇಳಿದವರಿಗೆ ನನ್ನ ಉತ್ತರ ಸರಳ: ಒಂದು ಕಾರು ಸರಿಯಾಗಿ ಮಾಡಿ ತೋರಿಸಿದರೆ ಸಾಕು, ಉಳಿದವರು ತಾವೇ ಬರುತ್ತಾರೆ.

ಆ ಒಂದು ಕಾರು ಈರಮ್ಮನದು. ಅವಳು ಬಿಳಿ ಕಾರನ್ನು ಮಾರಿ, ಬಳೆಗಾಗಿಯೇ ಹೊರಗಿನಿಂದ ಕಪ್ಪು ಕಾರೊಂದನ್ನು ತಂದಿದ್ದಳು. ಹಳೆಯ ಮಾಲೀಕ ಅದನ್ನು ಪೊರಕೆಯಲ್ಲಿ ತೊಳೆಯುತ್ತಿದ್ದನೆಂದು ಕಾಣುತ್ತದೆ. ಬಣ್ಣ ಒಳ್ಳೆಯದಿತ್ತು, ದಪ್ಪವಾಗಿತ್ತು, ಆದರೆ ಮೇಲೆಲ್ಲ ಉದ್ದುದ್ದ ಗೆರೆಗಳು. ಶೆಡ್ಡಿನ ಮುಂದೆ ನಿಲ್ಲಿಸಿ ಇಳಿದವಳೇ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀಲಾ, ಇದಕ್ಕೆ ಏನಾಗಿದೆಯೇ? ಬೀದಿ ದೀಪದ ಕೆಳಗೆ ನಿಲ್ಲಿಸಿದ್ರೆ ಹುಲ್ಲು ಬೆಳೆದಂಗೆ ಕಾಣುತ್ತೆ. ಒಂದು ಬಳೆಯಾದ್ರೂ ದುಂಡಗೆ ಬೀಳಬಾರ್ದಾ?"

"ಪೊರಕೆ ಗೀರು ಈರಕ್ಕ. ಉದ್ದಕ್ಕೆ ಎಳೆದಿದಾನೆ, ಅದಕ್ಕೆ ಉದ್ದಕ್ಕಿದೆ."

"ತೆಗೀತೀಯಾ?"

"ತೆಗೀತೀನಿ. ಆದ್ರೆ ತೆಗೆದ್ರೆ ಎಲ್ಲಾನೂ ಹೋಗುತ್ತೆ. ಬಳೆ ಅನ್ನೋದೂ ಗೀರೇ. ಬಿಸಿಲಿನ ದಿನ ನಿನ್ನ ಕಾರಲ್ಲಿ ಒಂದೂ ಬಳೆ ಇರಲ್ಲ. ಮೊದಲೇ ಹೇಳ್ತಿದೀನಿ, ಆಮೇಲೆ ನನ್ನ ಮೇಲೆ ಕೂಗಾಡಬೇಡ."

ಈರಮ್ಮ ನಕ್ಕಳು. "ಸೂರ್ಯ ಹಾಕೋ ಬಳೆ ನೀನು ಹೆಂಗೆ ತೆಗೀತೀಯೇ? ನೆಲ ಸಾರಿಸಿದ್ರೆ ರಂಗೋಲಿ ಅಳಿಸಿ ಹೋಗುತ್ತಾ? ಸಾರಿಸಿದ ಮೇಲೆ ತಾನೆ ಇಡೋದು?"

ಮಾತಿನಿಂದ ಉಪಯೋಗವಿಲ್ಲವೆಂದು ಕಾರು ತೊಳೆದೆ. ಮಣ್ಣು ಇಳಿಯಲು ಒಂದು ಬಕೆಟ್, ಬಟ್ಟೆ ಹಿಂಡಲು ಇನ್ನೊಂದು. ಬಣ್ಣದಲ್ಲಿ ಕಚ್ಚಿಕೊಂಡ ಡಾಂಬರಿನ ಚುಕ್ಕೆಗಳನ್ನು ಮೆತ್ತನೆಯ ಜೇಡಿ ಉಂಡೆ ಉಜ್ಜಿ ಎತ್ತಿದೆ. ಬಣ್ಣ ಮೊದಲು ಸವೆಯುವುದು ಅಂಚಿನಲ್ಲಿ, ಅಲ್ಲಿಗೆಲ್ಲ ಟೇಪು ಅಂಟಿಸಿದೆ. ಬಾನೆಟ್ಟಿನ ಮಧ್ಯಕ್ಕೂ ಒಂದು ಟೇಪು ಎಳೆದು, ಬಲಭಾಗಕ್ಕೆ ಮಾತ್ರ ಕಾಂಪೌಂಡ್, ಅಂದರೆ ಗೀರು ಸವೆಸುವ ಪೇಸ್ಟು, ಹಚ್ಚಿ ಸ್ಪಂಜಿನ ಮೆಷಿನ್ ಆಡಿಸಿದೆ. ಈ ಕೆಲಸದಲ್ಲಿ ಒತ್ತಬಾರದು. ಒತ್ತುವವರು ಗೀರು ತೆಗೆಯುತ್ತ ಹೊಸ ಗೀರು ಹಾಕುತ್ತಾರೆ. ಮೆಷಿನ್ನಿನ ಭಾರವೇ ಸಾಕು, ಅದನ್ನು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ, ಗಡಿಬಿಡಿಯಿಲ್ಲದೆ ನಡೆಸಬೇಕು. ಒರೆಸಿ, ಟೇಪು ಕಿತ್ತು, ಟಾರ್ಚ್ ಹಿಡಿದೆ. ಎಡಗಡೆ ಬೆಳಕಿನ ಸುತ್ತ ಗೆರೆಗಳ ಗೊಂಡೆ. ಬಲಗಡೆ ಕಪ್ಪು ನೀರಿನಂಥ ಬಣ್ಣ, ಅದರೊಳಗೆ ಟಾರ್ಚಿನ ಬಲ್ಬು, ಅದರ ಸಣ್ಣ ತಂತಿ ಕೂಡ ಕಾಣುತ್ತಿತ್ತು.

"ನೋಡು. ಎಲ್ಲಿದೆ ಬಳೆ?"

ಈರಮ್ಮ ಬಗ್ಗಿ ಬಹಳ ಹೊತ್ತು ನೋಡಿದಳು. ಕೈ ಇಡಲು ಹೋಗಿ ತೆಗೆದುಕೊಂಡಳು. "ಅದು ಟಾರ್ಚು ಕಣೆ," ಎಂದಳು. "ಟಾರ್ಚನ್ನ ಸೂರ್ಯನಿಗೆ ಹೋಲಿಸ್ತೀಯಾ? ಇಷ್ಟು ಚೆನ್ನಾಗಿ ಮಾಡಿದ ಮೇಲೆ ಅವನು ಇನ್ನೂ ಚೆನ್ನಾಗಿರೋದೇ ಹಾಕ್ತಾನೆ. ಇಲ್ಲ ಅಂದ್ರೂ ಏನಾಯ್ತು? ನಾನು ಈಗಾಗ್ಲೇ ಕೊನೇಲಿದೀನಿ. ಕೊನೆಗಿಂತ ಹಿಂದೆ ಕಳಿಸೋಕೆ ಅಲ್ಲಿ ಜಾಗ ಎಲ್ಲಿದೆ? ಮಾಡು ಪೂರ್ತಿ."

ಆ ಮಾತು ನನಗೂ ಸರಿ ಎನ್ನಿಸಿತು. ಕೊನೆಯ ಜಾಗಕ್ಕಿಂತ ಹಿಂದೆ ಇನ್ನೊಂದು ಜಾಗವಿರುವುದು ಸಾಧ್ಯವೆಂದು ನಾವಿಬ್ಬರೂ ಯೋಚಿಸಲಿಲ್ಲ. ನಮ್ಮ ಊರಿನಲ್ಲಿ ಬಳೆ ಹೆಚ್ಚು ಕಡಿಮೆ ಬೀಳುತ್ತಿದ್ದವೇ ಹೊರತು ಒಂದೂ ಬೀಳದ ಕಾರನ್ನು ಯಾರೂ ಕಂಡಿರಲಿಲ್ಲ.

ಬಾಗಿಲು, ಡಿಕ್ಕಿ, ಮೇಲ್ಛಾವಣಿ ಎಲ್ಲ ಮುಗಿಸಿದಾಗ ಅದು ನಾನು ಮಾಡಿದ ಕೆಲಸಗಳಲ್ಲೇ ಒಳ್ಳೆಯದಾಗಿತ್ತು. ಈರಮ್ಮ ತೆಗೆದುಕೊಂಡು ಹೋದಳು. ಬೂದು ಬೆಳಕಿನಲ್ಲಿ ಯಾರಿಗೂ ಅಷ್ಟಾಗಿ ವ್ಯತ್ಯಾಸ ಗೊತ್ತಾಗಲಿಲ್ಲ. ತೊಳೆದಿದ್ದೀಯಾ ಎಂದು ಇಬ್ಬರು ಕೇಳಿದರಂತೆ.

ಸೈರನ್ ಕೂಗಿದ ದಿನ ನಾನು ಊಟಕ್ಕೆ ಕೂತಿದ್ದೆ. ಕೈ ತೊಳೆಯದೆ ಓಡಿದೆ. ಸ್ಟ್ಯಾಂಡಿನಲ್ಲಿ ಎಲ್ಲ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದರು. ರಸ್ತೆಯ ಮೇಲೆ ನಮ್ಮ ನಮ್ಮ ನೆರಳು ಬಿದ್ದು, ಮಕ್ಕಳು ಒಬ್ಬರದೊಬ್ಬರು ತುಳಿಯುತ್ತಿದ್ದರು. ಗುರುಸಿದ್ದಪ್ಪ ಚಪ್ಪಲಿ ಕಳಚಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಾರಿನಿಂದ ಕಾರಿಗೆ ನಡೆದು ಬರುತ್ತಿದ್ದ. ಸ್ಟ್ಯಾಂಡಿನ ಯಜಮಾನ ಅವನೇ. ಗಾಜಿನ ಮೇಲೆ ನಂಬರು ಬರೆಯುವವನು ಅವನೇ. ಮೊದಲ ನಂಬರು ವರ್ಷಗಳಿಂದ ಅವನ ಕಾರಿಗೇ ಹೋಗುತ್ತಿತ್ತು, ಅದರಲ್ಲಿ ಮೋಸವೇನೂ ಇರಲಿಲ್ಲ. ಅವನದು ಹಳೆಯ ಕಾಲದ ದೊಡ್ಡ ಕಪ್ಪು ಕಾರು. ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು, ಹೆಗಲ ಮೇಲಿನ ಟವೆಲಿನಿಂದ ಅದನ್ನು ಒರೆಸದೆ ಅವನು ಕಾಫಿ ಮುಟ್ಟುತ್ತಿರಲಿಲ್ಲ. ಅದರ ಬಾನೆಟ್ಟಿನಲ್ಲಿ ಬೀಳುವ ಬಳೆಗಳನ್ನು ನೋಡಲು ಪಕ್ಕದ ಬೀದಿಯಿಂದ ಮುದುಕಿಯರು ಬರುತ್ತಿದ್ದರು. ಎರಡನೆಯ ನಂಬರು ಮುನಿವೆಂಕಟನದು. ಅವನು ಎರಡನೆಯವನಾಗಿ ಬಹಳ ದಿನ ಕಳೆದಿದ್ದ, ಅದು ಮುಖದಲ್ಲಿ ಕಾಣುತ್ತಿತ್ತು.

ಈರಮ್ಮನ ಕಾರಿನ ಮುಂದೆ ಗುರುಸಿದ್ದಪ್ಪ ನಿಂತ. ಬಗ್ಗಿದ. ತಟ್ಟನೆ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದ. ಬಾನೆಟ್ಟಿನಲ್ಲಿ ಸೂರ್ಯ ಇದ್ದ. ಬಳೆಯಿಲ್ಲ, ಎಳೆಯಿಲ್ಲ, ಸುತ್ತಲೂ ನೀಲಿ ಆಕಾಶ, ಬಿರಿದ ಮೋಡದ ಅಂಚು. ನಮ್ಮ ಊರಿನವರು ಸೂರ್ಯನನ್ನು ಅಷ್ಟು ಸರಿಯಾಗಿ ಹಿಂದೆಂದೂ ನೋಡಿರಲಿಲ್ಲ.

"ಏನಮ್ಮ ಇದು?"

"ಕಾರು," ಎಂದಳು ಈರಮ್ಮ.

"ಬಳೆ ಎಲ್ಲಿ?"

ಈರಮ್ಮ ನನ್ನ ಕಡೆ ನೋಡಿದಳು. ಆಮೇಲೆ ಬಾನೆಟ್ಟು ನೋಡಿದಳು. "ಬರ್ತಾ ಇರ್ಬೇಕು. ಸ್ವಲ್ಪ ತಡೀರಿ."

ಮುನಿವೆಂಕಟ ಹಿಂದಿನಿಂದ ಕೂಗಿದ, "ಯಜಮಾನಿ ಕೈಗೇ ಇಲ್ಲ, ಕಾರಿಗೆ ಎಲ್ಲಿಂದ ಬರ್ಬೇಕು?"

"ನಿನ್ನ ಕಾರಿಗೆ ಬಿದ್ದಾವಲ್ಲೋ, ತಗೊಂಡು ನೀನೇ ತೊಟ್ಕೊ. ನಿನ್ನ ಕೈಗೆ ಚೆನ್ನಾಗಿ ಒಪ್ಪುತ್ತೆ," ಎಂದಳು ಈರಮ್ಮ. ಜನ ನಕ್ಕರು. ಗುರುಸಿದ್ದಪ್ಪ ನಗಲಿಲ್ಲ. ಅವನು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡ.

"ಕಮ್ಮಿ ಬಿದ್ರೆ ಹಿಂದಿನ ನಂಬರು ಕೊಡ್ತೀನಿ. ಬೀಳದೇ ಇದ್ರೆ ಯಾವ ನಂಬರು ಕೊಡ್ಲಿ? ಸೂರ್ಯ ಮುಟ್ಟದೇ ಇರೋ ಗಾಡಿ ಸ್ಟ್ಯಾಂಡಲ್ಲಿ ನಿಲ್ಲೋ ಹಂಗಿಲ್ಲ ಕಣಮ್ಮ. ಬೇಜಾರು ಮಾಡ್ಕೋಬೇಡ. ಮುಂದಿನ ವರ್ಷ ನೋಡೋಣ."

ಈರಮ್ಮನ ಮುಖದಿಂದ ಜೋರು ಇಳಿದದ್ದನ್ನು ನಾನು ಮೊದಲ ಸಲ ನೋಡಿದೆ. ಮುಂದಿನ ವರ್ಷದವರೆಗೆ ಹಾಲಿನ ಕ್ಯಾನೂ ಇಲ್ಲ, ಹೆಣವೂ ಇಲ್ಲ. ಸ್ಟ್ಯಾಂಡಿನಲ್ಲಿಲ್ಲದ ಕಾರನ್ನು ನಮ್ಮ ಊರಿನಲ್ಲಿ ಯಾರೂ ಕರೆಯುವುದಿಲ್ಲ.

"ಮುಟ್ಟಿಲ್ಲ ಅಂತ ಹೆಂಗೆ ಹೇಳ್ತೀರಿ ಗುರುಸಿದ್ದಪ್ಪೋರೆ?" ಎಂದೆ. "ನಿಮಗೆ ಕಣ್ಣು ಬಿಡೋಕಾಗ್ಲಿಲ್ಲ, ಅಷ್ಟು ಮುಟ್ಟಿದಾನೆ. ಬಳೆ ಸೂರ್ಯ ಹಾಕೋದಲ್ಲ. ನೀವು ಹಾಕೋದು. ನಿಮ್ಮ ಟವೆಲ್ಲಿನ ಧೂಳು ಹಾಕೋದು. ಬರೀ ಗೀರು ಅವು."

ಗುರುಸಿದ್ದಪ್ಪನಿಗೆ ಸಿಟ್ಟು ಬಂದಿತ್ತು, ಆದರೆ ಅವನು ಕೂಗುವ ಮನುಷ್ಯನಲ್ಲ. "ಗೀರಾದ್ರೆ ಅಳಿಸಬಹುದಲ್ಲ. ನನ್ನ ಗಾಡಿದು ಅಳಿಸು ನೋಡೋಣ. ನಿನ್ನ ಕೈಲಾದ್ರೆ ಈಯಮ್ಮನಿಗೆ ಜಾಗ ಕೊಡ್ತೀನಿ. ಆಗದೇ ಇದ್ರೆ ನಿನ್ನ ಅಂಗಡಿ ಬಾಗಿಲು ಹಾಕು."

"ಪೂರ್ತಿ ಬೇಡ. ಅಂಗೈಯಗಲ ಸಾಕು."

"ಎಷ್ಟಾದ್ರೂ ಅಳಿಸು."

ಅವನಿಗೆ ಪೂರ್ತಿ ನಂಬಿಕೆಯಿತ್ತು, ಅದಕ್ಕೇ ಒಪ್ಪಿದ. ನನಗೂ ಇತ್ತು. ಜೇಬಿನಲ್ಲಿ ಕಾಂಪೌಂಡಿನ ಟ್ಯೂಬೂ ಮೆತ್ತನೆಯ ಬಟ್ಟೆಯೂ ಸದಾ ಇರುತ್ತವೆ. ಅವನ ಬಾನೆಟ್ಟಿನ ಮಧ್ಯದಲ್ಲಿ ಹನಿ ಹಾಕಿ ಉಜ್ಜಲು ಶುರು ಮಾಡಿದೆ. ಜನ ಹತ್ತಿರ ಬಂದು ನನ್ನ ಮೇಲೆ ನೆರಳು ಮಾಡಿದರು, ಸರಿಯಿರಿ ಎಂದು ಬೈದೆ. ಬಟ್ಟೆಗೆ ಕಪ್ಪು ಹತ್ತಿತು. ಹಳೆಯ ಕಾರುಗಳಲ್ಲಿ ಬಣ್ಣದ ಮೇಲೆ ರಕ್ಷಣೆಯ ಪದರವಿರುವುದಿಲ್ಲ, ಉಜ್ಜಿದರೆ ಬಣ್ಣವೇ ಬರುತ್ತದೆ. ಅದು ಮಾಮೂಲು. ಬಟ್ಟೆಯ ಇನ್ನೊಂದು ಮಗ್ಗುಲಿಂದ ಒರೆಸಿ ಕೈ ತೆಗೆದೆ.

ಬಳೆಗಳ ನಡುವೆ ಅಂಗೈಯಗಲದ ತೂತು. ಅದರೊಳಗೆ ಆಕಾಶ.

ಗುರುಸಿದ್ದಪ್ಪ ಒಂದು ಹೆಜ್ಜೆ ಎಡಕ್ಕೆ ಇಟ್ಟ. ಬಳೆಗಳು ಅವನ ಜೊತೆ ಸರಿದು, ಆ ಜಾಗಕ್ಕೆ ಬಂದ ಕೂಡಲೇ ತುಂಡಾದವು. ಬಲಕ್ಕೆ ಸರಿದ. ಆ ಕಡೆಯಿಂದಲೂ ತುಂಡಾದವು. ಮತ್ತೆ ಎಡಕ್ಕೆ ಸರಿದ. ಹೂವಿನ ಬುಟ್ಟಿ ಹೊತ್ತ ಒಬ್ಬ ಮುದುಕಿ, "ಅಯ್ಯೋ ಶಿವನೇ, ಬಳೆ ಒಡೀತಲ್ಲ," ಎಂದು ಬಾಯಿಗೆ ಸೆರಗು ಹಿಡಿದಳು.

"ಒಡೆದ ಬಳೆ ಮೊದಲ್ನೇ ನಂಬರಿಗೆ ನಿಲ್ಲಲ್ಲ," ಎಂದ ಮುನಿವೆಂಕಟ. ಕಾದು ಕೂತಿದ್ದವನಂತೆ ಹೇಳಿದ. "ಹಂಗಾದ್ರೆ ಮೊದಲು ನಂದು."

ಗುರುಸಿದ್ದಪ್ಪ ಅವನ ಜೊತೆ ವಾದಕ್ಕೆ ಇಳಿಯಲಿಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ತನ್ನ ಗಾಜಿನ ಮೇಲಿದ್ದ ಒಂದನ್ನು ಅಳಿಸಿ ಎರಡು ಮಾಡಿದ, ಮುನಿವೆಂಕಟನ ಗಾಜಿನ ಮೇಲಿದ್ದ ಎರಡನ್ನು ಒಂದು ಮಾಡಿದ. ಆಮೇಲೆ ಈರಮ್ಮನ ಕಾರಿನ ಹತ್ತಿರ ಬಂದು ನಿಂತ. ಕೊಟ್ಟ ಮಾತು ಇತ್ತು, ಆದರೆ ಬಳೆಯಿಲ್ಲದ ಕಾರಿಗೆ ನಂಬರು ಬರೆಯಲು ಅವನ ಕೈ ಏಳಲಿಲ್ಲ.

"ಕೊಡಿಲ್ಲಿ," ಎಂದಳು ಈರಮ್ಮ. ಅವನ ಹೆಗಲ ಮೇಲಿದ್ದ ಟವೆಲನ್ನು ತೆಗೆದುಕೊಂಡಳು. "ನೀಲಾ, ಆ ಕಡೆ ತಿರುಗು. ನೋಡ್ಬೇಡ."

ನಾನು ತಿರುಗಲಿಲ್ಲ. ಅವಳು ಬಾನೆಟ್ಟಿನ ಒಂದು ಮೂಲೆಯಲ್ಲಿ ದೋಸೆ ಹುಯ್ದಂತೆ ಟವೆಲನ್ನು ಸುತ್ತಿಸಿದಳು. ನನ್ನ ಹಲ್ಲು ಜುಮ್ಮೆಂದಿತು. ಅಷ್ಟೇ ಜಾಗದಲ್ಲಿ, ದುಂಡಗೆ, ಬಳೆ ಬಿದ್ದವು. ಗುರುಸಿದ್ದಪ್ಪ ಅದನ್ನು ನೋಡಿ ಕೊನೆಯ ನಂಬರು ಬರೆದ.

ನಾನು ಗೆದ್ದೆ ಎಂದುಕೊಂಡೆ. ಎಲ್ಲರ ಕಣ್ಣೆದುರು ಬಳೆ ತೆಗೆದದ್ದೂ ಆಗಿತ್ತು, ಹಾಕಿದ್ದೂ ಆಗಿತ್ತು. ಇನ್ನು ಇವರಿಗೆ ಹೇಳುವುದು ಏನೂ ಉಳಿದಿಲ್ಲ. ಹಾಗೆಂದುಕೊಂಡು ತಲೆಯೆತ್ತಿದರೆ, ಮೂರನೆಯ ನಂಬರಿನವನು ಅಂಗಿ ಬಿಚ್ಚಿ ತನ್ನ ಬಾನೆಟ್ಟು ಉಜ್ಜುತ್ತಿದ್ದ. ಅವನ ಪಕ್ಕದವನು ಗೋಣಿಚೀಲ ಹುಡುಕಿ ತಂದ. ಒಬ್ಬ ಕಾಲೊರೆಸುವ ಮ್ಯಾಟ್ ಹಿಡಿದಿದ್ದ. ಬಿಸಿಲು ಹೋಗುವುದರೊಳಗೆ ಇನ್ನೊಂದು ಸುತ್ತು ಬಳೆ ಹೆಚ್ಚಿಸಿಕೊಂಡರೆ ಒಂದು ನಂಬರು ಮುಂದೆ ಹೋಗಬಹುದು. "ಗುರುಸಿದ್ದಪ್ಪೋರೆ, ಇಲ್ನೋಡಿ, ಈಗ ನೋಡಿ," ಎಂದು ಎಲ್ಲ ಕಡೆಯಿಂದ ಕೂಗು. ಅಷ್ಟರಲ್ಲಿ ಮೋಡ ಮುಚ್ಚಿತು. ರಸ್ತೆಯಿಂದ ನೆರಳುಗಳು ಹೋದವು. ಉಜ್ಜುವುದು ನಿಲ್ಲಲಿಲ್ಲ.

ಆ ವರ್ಷವೆಲ್ಲ ನಿಲ್ಲಲಿಲ್ಲ. ಬಳೆಯನ್ನು ಕೈಯಿಂದ ಮಾಡಬಹುದು ಎಂದು ತಿಳಿದ ಮೇಲೆ ಅದರ ಮೇಲಿನ ಭಕ್ತಿ ಹೋಗುತ್ತದೆ ಎಂದು ನಾನು ತಿಳಿದಿದ್ದೆ. ಭಕ್ತಿ ಹೋಯಿತೋ ಇಲ್ಲವೋ, ಸ್ಟ್ಯಾಂಡಿನ ಸಾಲು ಹಾಗೇ ಇತ್ತು, ಬೆಳಗಿನ ರೈಲೂ ಹಾಗೇ ಬರುತ್ತಿತ್ತು. ಜನ ಸಾಲಿಗಾಗಿ ಉಜ್ಜಿದರು. ಮೊದಲು ಟವೆಲ್, ಆಮೇಲೆ ಗೋಣಿ, ಆಮೇಲೆ ತೆಂಗಿನ ನಾರು. ಮುನಿವೆಂಕಟ ನಾರಿಗೆ ಒಲೆಯ ಬೂದಿ ಹಚ್ಚಿಕೊಂಡ. ಅದನ್ನು ನೋಡಿದವರು ಬೂದಿಗೆ ಮರಳು ಸೇರಿಸಿದರು. ಬೂದು ಬೆಳಕಿನಲ್ಲಿ ಬಳೆ ಕಾಣುವುದಿಲ್ಲ, ಬೀದಿ ದೀಪದ್ದನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಎಷ್ಟಾಯಿತು ಎಂದು ತಿಳಿಯುವಂತಿರಲಿಲ್ಲ. ಬಣ್ಣ ಮಂಕಾಗುತ್ತ ಬಂದಾಗ ಒಳಗೆ ಬಳೆ ಕೂಡಿಕೊಳ್ಳುತ್ತಿದೆ ಎಂದರು.

ನಾನು ಮುನಿವೆಂಕಟನಿಗೆ ಹೇಳಿದೆ. "ಬಳೆ ಕಾಣ್ಬೇಕು ಅಂದ್ರೆ ಹೊಳಪಿರ್ಬೇಕು. ಹೊಳಪಿನ ಮೇಲೆ ಗೀರಿದ್ರೆ ಬಳೆ. ಬರೀ ಗೀರೇ ಆದ್ರೆ ಅದು ರುಬ್ಬೋ ಕಲ್ಲು."

"ನಿನಗೆ ಹೊಟ್ಟೆಕಿಚ್ಚು," ಎಂದ. "ಅಂಗಡಿ ನಡೀತಿಲ್ಲ, ಅದಕ್ಕೆ."

ಅಂಗಡಿ ನಡೆಯುತ್ತಿರಲಿಲ್ಲ, ನಿಜ. ಬಂದವರೆಲ್ಲ ಮೆಷಿನ್ನಿನಲ್ಲಿ ಬಳೆ ಹಾಕಿಕೊಡು ಎಂದೇ ಬಂದರು. ಗೀರು ಹಾಕಲು ನನ್ನ ಅಗತ್ಯವಿಲ್ಲ ಎಂದು ಕಳಿಸಿದೆ. ಮದುವೆ ಛತ್ರದ ಕಲ್ಲಿನ ನೆಲಕ್ಕೆ ಪಾಲಿಶ್ ಹಾಕುವ ಕೆಲಸ ಹಿಡಿದೆ. ಮೆಷಿನ್ ದೊಡ್ಡದು, ಉಳಿದದ್ದೆಲ್ಲ ಅದೇ.

ಮಳೆಗಾಲದ ನಡುವೆ ಒಂದು ದಿನ ಗುರುಸಿದ್ದಪ್ಪ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಇಳಿಯದೆ ಒಳಗಿನಿಂದಲೇ ಹೇಳಿದ, "ಪೂರ್ತಿ ತೆಗಿ. ಅರ್ಧಂಬರ್ಧ ನೋಡೋಕಾಗ್ತಿಲ್ಲ."

ಟಾರ್ಚ್ ಹಿಡಿದೆ. ನಾನು ಉಜ್ಜಿದ ಅಂಗೈಯಗಲದ ಜಾಗ ಕಪ್ಪಾಗಿರಲಿಲ್ಲ. ನಡುವೆ ಇಟ್ಟಿಗೆ ಬಣ್ಣ ಇಣುಕುತ್ತಿತ್ತು, ಬಣ್ಣದ ಕೆಳಗೆ ಹಚ್ಚುವ ಪ್ರೈಮರ್. ಬೆರಳಿನಿಂದ ಸುತ್ತಲೂ ತಡವಿ ನೋಡಿದೆ. ಅಷ್ಟು ವರ್ಷ ದಿನವೂ ಒರೆಸಿದ್ದ ಬಾನೆಟ್ಟಿನ ಮೇಲೆ ಬಣ್ಣ ಈರುಳ್ಳಿಯ ಮೇಲಿನ ಸಿಪ್ಪೆಯಷ್ಟು ಉಳಿದಿತ್ತು. ಅವತ್ತು ಬಟ್ಟೆಗೆ ಕಪ್ಪು ಹತ್ತಿದಾಗ ನಾನು ಮಾಮೂಲು ಎಂದುಕೊಂಡಿದ್ದೆ.

"ಇದಕ್ಕೆ ಮೆಷಿನ್ ಹಿಡಿಯೋಕಾಗಲ್ಲ," ಎಂದೆ. "ತೆಗೆಯೋಕೆ ಏನೂ ಉಳಿದಿಲ್ಲ. ಹೊಸ ಬಣ್ಣ ಹೊಡೆಸಬೇಕು."

"ಹೊಸ ಬಣ್ಣ ಹೊಡೆಸಿದ್ರೆ ಅದು ನನ್ನ ಗಾಡಿ ಹೆಂಗಾಗುತ್ತೆ?"

"ಹಂಗಾದ್ರೆ ಇವತ್ತಿಂದ ಒರೆಸಬೇಡಿ. ನೀರು ಹಾಕಿ ಬಿಟ್ಬಿಡಿ."

ಅವನು ನನ್ನನ್ನು, ಊಟ ಮಾಡಬೇಡ ಎಂದವಳನ್ನು ನೋಡುವಂತೆ ನೋಡಿದ. ಬೈಯಲಿಲ್ಲ. ಬೈದಿದ್ದರೆ ನಾನೂ ಉತ್ತರ ಕೊಡುತ್ತಿದ್ದೆ, ದಿನವೂ ಒರೆಸಿ ಸವೆಸಿದವನು ನೀನು ಎಂದು ಲೆಕ್ಕ ಹೇಳುತ್ತಿದ್ದೆ. ಅವನು ಗೇರು ಹಾಕಿಕೊಂಡು ಹೋದ. ಮರುದಿನವೂ ಒರೆಸಿದ, ಅದರ ಮರುದಿನವೂ. ಇಟ್ಟಿಗೆ ಬಣ್ಣ ಅಂಗೈಯಿಂದ ತಟ್ಟೆಯಗಲವಾಯಿತು, ತಟ್ಟೆಯಿಂದ ಮೊರದಗಲ. ಕೊನೆಗೆ ಅವನು ಕಾರನ್ನು ಮನೆಯ ಹಿಂದೆ ನಿಲ್ಲಿಸಿ, ಮೇಲೆ ಕಂಬಳಿ ಹೊದಿಸಿ, ಸ್ಟ್ಯಾಂಡಿಗೆ ನಡೆದು ಬರಲು ಶುರು ಮಾಡಿದ.

ಈರಮ್ಮ ಮಾತ್ರ ಯಾವ ಆತುರಕ್ಕೂ ಬೀಳಲಿಲ್ಲ. ಕೊನೆಯಲ್ಲಿ ನಿಂತು, ಹಾಲು, ಕೋಳಿ, ಹೆಣ ಸಾಗಿಸಿದಳು. ಕೆಸರಾದಾಗ ಹಳೆಯ ಸೀರೆಯ ತುಂಡಿನಿಂದ ಒರೆಸಿಕೊಂಡಳು, ಅಷ್ಟೇ. ಹುಣಸೆಹಣ್ಣಿನ ಗಾಡಿಗಳು ಬರುವ ಹೊತ್ತಿಗೆ ಒಮ್ಮೆ ಅವಳ ಕಾರಿಗೆ ಟಾರ್ಚ್ ಹಿಡಿದು ನೋಡಿದೆ. ನಾನು ಕನ್ನಡಿ ಮಾಡಿಕೊಟ್ಟಿದ್ದ ಬಣ್ಣದ ಮೇಲೆಲ್ಲ ಸಣ್ಣ ಗೀರುಗಳು ಎದ್ದಿದ್ದವು. ಹೊಳಪು ಹಾಗೇ ಇತ್ತು.

"ಬಾ, ಇನ್ನೊಂದು ಸಲ ಮೆಷಿನ್ ಆಡಿಸ್ತೀನಿ. ಕಾಸು ಬೇಡ," ಎಂದೆ. ಆ ಕೆಲಸ ಹಾಳಾದದ್ದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

"ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಈರಮ್ಮ.

ಸೈರನ್ ಕೂಗಿದಾಗ ಸ್ಟ್ಯಾಂಡಿನಲ್ಲಿ ಹಿಂದಿನ ವರ್ಷಕ್ಕಿಂತ ಹೆಚ್ಚು ಜನ ಸೇರಿದ್ದರು. ಬಿಸಿಲು ಬಿತ್ತು. ಮುನಿವೆಂಕಟನ ಬಾನೆಟ್ಟಿನ ಮೇಲೆ ಬಿದ್ದ ಬಿಸಿಲು ಅಲ್ಲೇ ಉಳಿಯಿತು, ಗೋಡೆಯ ಮೇಲೆ ಬಿದ್ದ ಹಾಗೆ. ಚುಕ್ಕೆಯಿಲ್ಲ, ಬಳೆಯಿಲ್ಲ. ಬೂದು ಬಣ್ಣದ ಒರಟು ತಗಡು, ಅಂಚುಗಳಲ್ಲಿ ಆಗಲೇ ತುಕ್ಕು. ಅವನು ಸೊಂಟ ಬಗ್ಗಿಸಿ ಆ ಕಡೆ ಈ ಕಡೆ ನೋಡಿ, ಬೆವರು ಒರೆಸಿಕೊಂಡ. ಪಕ್ಕದ ಕಾರೂ ಹಾಗೇ ಇತ್ತು, ಅದರ ಪಕ್ಕದ್ದೂ. ಮಕ್ಕಳು ನೆರಳು ತುಳಿಯುವುದನ್ನು ಬಿಟ್ಟು ದೊಡ್ಡವರ ಮುಖ ನೋಡುತ್ತ ನಿಂತರು.

ಗುರುಸಿದ್ದಪ್ಪ ಬರಿಗಾಲಿನಲ್ಲಿ, ಸೀಮೆಸುಣ್ಣ ಹಿಡಿದು ಸಾಲಿನ ಉದ್ದಕ್ಕೂ ನಡೆದ. ಎಲ್ಲೂ ನಿಲ್ಲಲಿಲ್ಲ. ಕೊನೆಯ ಕಾರಿನ ಹತ್ತಿರ ನಿಂತ. ಅಲ್ಲಿ ಸೂರ್ಯನಿದ್ದ, ಅವನ ಸುತ್ತ ಸಣ್ಣಗೆ, ಒತ್ತಾಗಿ, ಒಂದೂ ತುಂಡಾಗದೆ ಬಳೆಗಳಿದ್ದವು. ಅವನು ಎಡಕ್ಕೆ ಸರಿದು ನೋಡಿದ, ಬಲಕ್ಕೆ ಸರಿದು ನೋಡಿದ. ಗಾಜಿನ ಮೇಲೆ ಒಂದು ಎಂದು ಬರೆದ.

"ಎರಡು ಯಾರಿಗೆ ಗುರುಸಿದ್ದಪ್ಪೋರೆ?" ಎಂದು ಮುನಿವೆಂಕಟ ಕೇಳಿದ. ಅವನ ದನಿ ಬಹಳ ಮೆತ್ತಗಾಗಿತ್ತು.

"ಎರಡು ಇಲ್ಲ," ಎಂದ ಗುರುಸಿದ್ದಪ್ಪ.

ಈರಮ್ಮ ಕಾರು ಏರಿ, ಹಾರ್ನ್ ಹೊಡೆದು, ಸಾಲಿನ ಮುಂದಕ್ಕೆ ತಂದು ನಿಲ್ಲಿಸಿದಳು. ಹಾರ್ನ್ ಹೊಡೆಯುವ ಅಗತ್ಯವಿರಲಿಲ್ಲ, ದಾರಿ ಖಾಲಿಯಿತ್ತು.

ಆ ಸ್ಟ್ಯಾಂಡಿನಲ್ಲಿ ಹದಿನೆಂಟು ಕಾರುಗಳಿದ್ದವು. ಹದಿನಾರು ಕಾರುಗಳ ಬಣ್ಣ ಹೋಯಿತು. ಒಂದು ಕಾರು ಮನೆ ಸೇರಿತು, ಮತ್ತೆ ಹೊರಗೆ ಬರಲಿಲ್ಲ. ಇಷ್ಟರಲ್ಲಿ ನನ್ನ ಕೈಯಿಂದ ಹೋದದ್ದು ಅಂಗೈಯಗಲ.